ಮೂಗಿನ ಮಾತು

ನನ್ನ ತಮ್ಮನ ಮಗಳು ಮೂರು ವರ್ಷಕ್ಕೇ ಅರಳು ಹುರಿದಂತೆ ಮಾತಾಡುತ್ತಿದ್ದಳು. ತೊಂದರೆಯೆಂದರೆ, ಥೇಟ್ ನನ್ನ ಹಾಗೆ, ಮೂಗಿನಲ್ಲಿ ಮಾತಾಡುತ್ತಿದ್ದಳು.

ಅಂಗುಳ ಸೀಳಿಕೊಂಡೇ ಹುಟ್ಟಿದವಳು ನಾನು. ಬಸುರಿಯಾಗಿದ್ದ ಅವ್ವ ಗ್ರಹಣದ ಹೊತ್ತಿನಲ್ಲಿ ಬದನೆಕಾಯಿ ಹೆಚ್ಚಿದ್ದೇ ಕಾರಣ ಎಂದು ಅಜ್ಜಿ ಸಾಯುವ ತನಕ ಹೇಳಿದಳು. ಬದನೆಕಾಯಿಗೆ ಅಷ್ಟು ಶಕ್ತಿ ಇದ್ದಿದ್ದರೆ ನಮ್ಮ ಸೀಮೆಯಲ್ಲಿ ಯಾರ ಬಾಯಿಯೂ ನೆಟ್ಟಗಿರುತ್ತಿರಲಿಲ್ಲ. ಕುಡಿದ ಹಾಲು ಮೂಗಿನಿಂದ ಬರುತ್ತಿತ್ತು. ದೊಡ್ಡ ಹುಡುಗಿಯಾದ ಮೇಲೆ ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. ಹಾಲು ನಿಂತಿತು, ಮಾತು ಮಾತ್ರ ಮೂಗನ್ನು ಬಿಡಲಿಲ್ಲ. ಹೊಲಿಗೆ ಹಾಕಿದ ಮೇಲೆ ಮಾತನ್ನೂ ಕಲಿಸಬೇಕೆಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ನಮ್ಮ ಹಳ್ಳಿ ಉಪ್ಪಿನಬೆಟಗೇರಿಯಲ್ಲಿ ಕಲಿಸುವವರು ಯಾರಿದ್ದರು?

ಅಂಗಡಿಯಲ್ಲಿ ಬೆರಳು ತೋರಿಸಿ ಸಾಮಾನು ತರುತ್ತೇನೆ. ಒಡಹುಟ್ಟಿದ ತಮ್ಮನೇ "ಏನಂದಿ?" ಎಂದು ಮತ್ತೆ ಮತ್ತೆ ಕೇಳುತ್ತಾನೆ. ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಅವನ ಮನೆಯಲ್ಲೇ ನಾನಿರುವುದು. ಅವನೂ ಅವನ ಹೆಂಡತಿಯೂ ಕೆಲಸಕ್ಕೆ ಹೋದರೆ ಉಳಿಯುತ್ತಿದ್ದವರು ನಾನು ಮತ್ತು ಕೂಸು. ನನ್ನ ಮಾತು ಕೇಳುತ್ತಲೇ ಬೆಳೆದ ಅವಳು ಒಮ್ಮೆಯೂ 'ಏನು' ಅಂದವಳಲ್ಲ. ನಾನು ಹೇಳಿದ್ದು ಪೂರ್ತಿ ತಿಳಿಯುತ್ತಿದ್ದುದು ಅವಳೊಬ್ಬಳಿಗೇ. ಜನ್ಮದಲ್ಲಿ ಬಾಯ್ತುಂಬ ಮಾತಾಡಿದ್ದರೆ ಆಗಲೇ.

ಧಾರವಾಡದ ಸ್ಪೀಚ್ ಥೆರಪಿಸ್ಟ್ ಕೂಸಿನ ಬಾಯಿಗೆ ಟಾರ್ಚ್ ಹಿಡಿದು ನೋಡಿದರು.

"ಅಂಗುಳ ಛಲೋ ಐತ್ರಿ. ದಿನಾ ಯಾರ ಕೂಡ ಇರ್ತಾಳ?"

ಜೊತೆಗೆ ಬಂದಿದ್ದ ತಮ್ಮ ತಲೆಯೆತ್ತಿ ಫ್ಯಾನು ನೋಡತೊಡಗಿದ. "ನನ್ನ ಕೂಡರಿ" ಎಂದೆ. ಅಷ್ಟು ಕೇಳಿದ್ದೇ ಅವರಿಗೆ ಸಾಕಾಯಿತು.

"ನಿಮ್ಮದೇನೂ ತಪ್ಪಿಲ್ರಿ. ಮಾತಾಡೂದು ಬಿಡಬ್ಯಾಡ್ರಿ. ಬ್ಯಾರೆಯವರ ಮಾತೂ ಕೇಳ್ಲಿ, ಸುಧಾರಸ್ತಾಳ."

ನಾಚಿಕೆ ಬಿಟ್ಟು ನನ್ನದನ್ನೂ ಕೇಳಿದೆ. ಟಾರ್ಚು ನನ್ನ ಬಾಯಿಗೂ ಬಂತು. ಅಂಗುಳದ ಹಿಂಭಾಗ ಗಿಡ್ಡ, ಗಂಟಲಿನ ಗೋಡೆ ಮುಟ್ಟುವುದಿಲ್ಲ, ಗಾಳಿಯೆಲ್ಲ ಮೂಗಿಗೆ ಹೋಗುತ್ತದೆ ಎಂದರು. ಅಭ್ಯಾಸ ಮಾಡಿದರೆ ಗಿಡ್ಡದ್ದು ಉದ್ದವಾಗುವುದಿಲ್ಲವಂತೆ. ಇನ್ನೊಂದು ಆಪರೇಶನ್ ಮಾಡಬಹುದು, ಆದರೆ ಈ ವಯಸ್ಸಿನಲ್ಲಿ ಮಾತು ಎಷ್ಟು ತಿದ್ದೀತೋ ಹೇಳಲಾಗದಂತೆ. ಸುಳ್ಳಾದರೂ ಒಂದಿಷ್ಟು ಧೈರ್ಯ ಹೇಳಬಾರದಿತ್ತೇ ಎಂದು ಸಿಟ್ಟು ಬಂತು.

ಮಾತು ಬಿಡಬೇಡಿ ಎಂದದ್ದನ್ನು ಮನೆಯಲ್ಲಿ ಯಾರೂ ನೆನಪಿಡಲಿಲ್ಲ. "ಅಕ್ಕಾರ, ನೀವು ಆರಾಮ ಇರ್ರಿ, ಕೂಸಿನ್ನ ನಾ ನೋಡ್ಕೋತೇನಿ" ಎಂದು ತಮ್ಮನ ಹೆಂಡತಿ ನೌಕರಿ ಬಿಟ್ಟಳು. ಹೆತ್ತವಳು, ಏನನ್ನಲಿ? ನನಗೂ ಹೆದರಿಕೆಯೇ ಇತ್ತು. ಕೂಸಿಗೆ ಉಣಿಸಿದೆ, ತಲೆ ಬಾಚಿದೆ, ತುಟಿ ಮಾತ್ರ ಬಿಚ್ಚಲಿಲ್ಲ. ಕಥೆ ಹೇಳೆಂದು ಸೆರಗು ಹಿಡಿದು ಎಳೆದಳು, ಅತ್ತಳು, ಕೊನೆಗೆ ಕೇಳುವುದನ್ನೇ ಬಿಟ್ಟಳು.

ಈಗ ಶಾಲೆಗೆ ಹೋಗುತ್ತಾಳೆ. ಮಾತು ಸ್ವಚ್ಛವಾಗಿದೆ. ಸಂತೋಷವೇ, ಇಲ್ಲವೆನ್ನಲಾರೆ.

ಮೊನ್ನೆ ಶಾಲೆಯಿಂದ ಬಂದಾಗ ಅವಳ ಮೊಣಕಾಲು ತರಚಿ ರಕ್ತ ಬಂದಿತ್ತು. ನೋಡಿ ತಡೆಯಲಾಗಲಿಲ್ಲ.

"ಎಲ್ಲಿ ಬಿದ್ದಿ ನನ್ನವ್ವಾ, ಭಾಳ ನೋವಾತೇನು?"

ಅವಳು ನನ್ನ ಬಾಯಿಯನ್ನೇ ನೋಡಿದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದಳು:

"ಮಮ್ಮೀ, ಅತ್ತಿ ಏನ ಅನ್ನಾಕತ್ತಾಳ?"