ಕಾಲು ನೋಡುವ ಡಾಕ್ಟರು

ಯುನಿವರ್ಸಿಟಿಯಿಂದ ಒಬ್ಬ ಡಾಕ್ಟರು ನಾರುಹುಣ್ಣಿನ ಸಂಶೋಧನೆಗೆಂದು ಮುಧೋಳಕ್ಕೆ ಬಂದ ಸುದ್ದಿ ಪೀರಮ್ಮನಿಗೆ ಮುಟ್ಟಿದ್ದು ನೆರೆಮನೆಯ ಗುರುಲಿಂಗಮ್ಮನ ನಗೆಯ ಜೊತೆಗೆ: "ಯಕ್ಕಾ, ಅಂವ ಮಾರಿ ನೋಡಂಗಿಲ್ಲ, ಬರೇ ಕಾಲು ನೋಡ್ತಾನ!" ಮಾತು ಸುಳ್ಳಲ್ಲ. ರೇವಣಸಿದ್ಧ ಡಾಕ್ಟರು ಯಾರು ಎದುರಾದರೂ "ಶರಣ್ರಿ" ಎಂದು ಬಾಗುತ್ತಿದ್ದರು. ಭಕ್ತಿಗಲ್ಲ, ಪಾದದಲ್ಲಿ ನಾರಿನಂಥ ಹುಳ ಇಣುಕುತ್ತಿದೆಯೇ ಎಂದು ನೋಡಲು. ಮದುವೆಯ ಹಂದರದಲ್ಲಿ ಮದುಮಗನ ಬಾಸಿಂಗ ಬಿಟ್ಟು ಪಾದ ನೋಡಿದರು. ಜನರ ಮುಖ ಮರೆತರೂ ಹಿಮ್ಮಡಿಯ ಬಿರುಕಿನಿಂದ ಗುರುತು ಹಿಡಿಯುತ್ತಿದ್ದರು. ಹುಳ ಬರುವುದು ಮೆಟ್ಟಿಲ ಬಾವಿಯ ನೀರಿನಿಂದ, ಅರಿವೆಯಲ್ಲಿ ಸೋಸಿ ಕುಡಿಯಿರಿ ಎಂದು ಹೇಳಿ ಹೇಳಿ ಇಡೀ ಓಣಿಯನ್ನು ಒಪ್ಪಿಸಿದರು. ಒಪ್ಪದವಳು ಪೀರಮ್ಮ ಒಬ್ಬಳೇ. "ನಮ್ಮ ಮಾವ ತೋಡಿಸಿದ ಬಾವಿರಿ ಅದು. ಬಂದವರ ಮುಂದ ನೀರು ಸೋಸಿದ್ರ ನಮ್ಮ ಮನಿ ನೀರು ಹೊಲಸು ಅಂದಂಗ ಆಗ್ತದ" ಎನ್ನುವಳು. ಅವಳ ಪುಟ್ಟ ಮೊಮ್ಮಗಳೂ ಅದೇ ನೀರು ಕುಡಿಯುತ್ತಿದ್ದಳು. ಮರುವರ್ಷ ಡಾಕ್ಟರೇ ಪಾದಕ್ಕೆ ಪಟ್ಟಿ ಕಟ್ಟಿಕೊಂಡು ಕುಂಟುತ್ತ ಬಂದರು. "ಡಾಕ್ಟರಿಗೇ ನಾರು ಹತ್ತೇದಲ್ಲೋ! ಎಲ್ಲಿ ಹತ್ತಿತ್ರಿ ಸಾಹೇಬ್ರ?" ಎಂದು ಊರು ನಕ್ಕಾಗ "ಕುಂಚಾವರಂ ಕಡಿ ಎಲ್ಲೋ ಹತ್ತೇದರಿ" ಎಂದರು. ಪೀರಮ್ಮ ನಗಲಿಲ್ಲ. ಕುಡಿದ ಹುಳ ಹೊರಬರಲು ವರ್ಷ ಬೇಕೆಂದು ಅವರೇ ಹೇಳಿದ್ದರು. ಬೇರೆಲ್ಲೂ ಸೋಸದೆ ಕುಡಿಯದ ಆ ಮನುಷ್ಯ, ಹೋದ ವರ್ಷ ಅವಳ ಮನಸ್ಸು ನೋಯಬಾರದೆಂದು ಅವಳು ಕೊಟ್ಟ ನೀರನ್ನು ಹಾಗೇ ಕುಡಿದಿದ್ದರು. ಕೆಲಸ ಮುಗಿಸಿ ಊರು ಬಿಡುವ ದಿನ ಅವಳ ಕಟ್ಟೆಯ ಮೇಲೆ ಕುಳಿತು ಮೆಲ್ಲಗೆ ಕೇಳಿದರು: "ಅವ್ವಾ, ಭಾಳ ನೀರಡಿಕಿ ಆಗ್ಯಾದ. ಒಂದು ತಂಬಿಗಿ ನೀರು ಕೊಡ್ರಿ. ಇವತ್ತ ನನ್ನ ಮುಂದೇ ಸೋಸಿ ಕೊಡ್ರಿ."