ಗಂಡಿನ ನಗು ನೋಡುವ ಶಾಸ್ತ್ರ

ನಮ್ಮ ಮನೆಯಲ್ಲಿ ಗಂಡಿನ ಜಾತಕಕ್ಕಿಂತ ಮುಂಚೆ ಗಂಡಿನ ನಗು ನೋಡುತ್ತಾರೆ. ಇದು ಅಜ್ಜಿ ಮಾಡಿದ ಕಾನೂನು. ಮನುಷ್ಯ ನಯವಾಗಿ ಮಾತಾಡುವ ನಾಟಕ ಆಡಬಹುದು, ನಗುವ ನಾಟಕ ಆಡಲಾರ ಎಂಬುದು ಆಕೆಯ ನಂಬಿಕೆ. ಆದ್ದರಿಂದ ಗಂಡು ಕಗ್ಗದಾಸಪುರದ ನಮ್ಮ ಮನೆಗೆ ಬಂದು ಉಪ್ಪಿಟ್ಟು ತಿಂದು ಹೋದ ಮೇಲೆ, ಎರಡೂ ಕಡೆಯವರು ಸೇರಿ ಒಂದು ಕಾಮಿಡಿ ಪಿಕ್ಚರ್‌ಗೆ ಹೋಗಲೇಬೇಕು. ಗಂಡು ಸಿನಿಮಾ ನೋಡಬೇಕು, ನಾವು ಗಂಡನ್ನು ನೋಡಬೇಕು.

ಹೀಗೆ ನನಗೆ ಎರಡು ಸಂಬಂಧ ತಪ್ಪಿಹೋಗಿದ್ದವು. ಒಬ್ಬ ಮೂಗಿನಲ್ಲಿ ನಗುತ್ತಿದ್ದ. ಇನ್ನೊಬ್ಬ ಪಕ್ಕದವರು ನಕ್ಕ ಮೇಲೆ ನಗುತ್ತಿದ್ದ. "ಇವ್ನು ನಾಳೆ ಎಲ್ಲಾದುಕ್ಕೂ ಪಕ್ಕದ್ಮನೆಯೋರ್ನ ಕೇಳ್ತಾನೆ ಕಣೇ, ಬ್ಯಾಡ" ಎಂದು ಅಜ್ಜಿ ತೀರ್ಪು ಕೊಟ್ಟುಬಿಟ್ಟಳು. ಹೊಲವಿದ್ದ ಜಾಗದಲ್ಲಿ ವಠಾರ ಕಟ್ಟಿಸಿರುವ ಚಿಕ್ಕಪ್ಪ ಬಾಡಿಗೆಯವರನ್ನೂ ಇಷ್ಟು ಕೆದಕುವುದಿಲ್ಲ.

ಮೂರನೆಯವನು ಕಮ್ಮನಹಳ್ಳಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಹುಡುಗ. ನಾನು ಕಾಫಿ ತಂದಾಗ ಟೀಪಾಯಿಯ ಮೇಲೆ ಜಾಗವಿಲ್ಲದ್ದನ್ನು ಕಂಡು, ತಾನೇ ಎದ್ದು ಪೇಪರ್ ಎತ್ತಿಟ್ಟ. ಅಷ್ಟಕ್ಕೇ ನಾನು ಬಿದ್ದುಹೋದೆ. ನನಗೆ ಅವನೇ ಬೇಕಿತ್ತು. ದೇವರೇ, ಇವನೊಬ್ಬ ಸರಿಯಾಗಿ ನಕ್ಕುಬಿಡಲಿ ಎಂದು ಹರಕೆ ಹೊತ್ತೆ.

ಪಿಕ್ಚರ್ ಆರಿಸಿದವನು ಚಿಕ್ಕಪ್ಪ. ಪೋಸ್ಟರಿನಲ್ಲಿದ್ದದ್ದು ಎಡವಿ ಬಿದ್ದರೆ ಸಾಕು ಥಿಯೇಟರ್ ಅಲುಗಾಡಿಸುತ್ತಿದ್ದ ಹಾಸ್ಯನಟ. ಇನ್ನೇನು ಬೇಕು? ಕೆ.ಆರ್. ಪುರದ ಕಡೆಯ ಒಂದು ಮಾಲ್‌ನಲ್ಲಿ ಒಂದು ಸಾಲು ಪೂರ್ತಿ ಹಿಡಿದು ಕೂತೆವು.

ಆ ಪುಣ್ಯಾತ್ಮ ಈ ಸಿನಿಮಾದಲ್ಲಿ ಬೀಳಲೇ ಇಲ್ಲ! ಹಳೆಯ ಕಟ್ಟಡವೊಂದರ ಲಿಫ್ಟ್ ನಡೆಸುವವನ ಪಾತ್ರ. ನಾಲ್ಕನೇ ಮಹಡಿಯ ಹೆಂಗಸಿಗೆ ಲಿಫ್ಟ್ ಕಂಡರೆ ಭಯ, ಇವನಿಗೆ ಅವಳೆಂದರೆ ಪ್ರಾಣ. ಅವಳು ಮೆಟ್ಟಿಲು ಹತ್ತುವಾಗಲೆಲ್ಲ ಲಿಫ್ಟ್ ತಾನಾಗಿಯೇ ಅವಳ ಜೊತೆ ಮೆಲ್ಲಗೆ ಹತ್ತುತ್ತದೆ. ಅವಳು ಊರಿಗೆ ಹೋದರೆ ಕೆಟ್ಟು ಕೂರುತ್ತದೆ. ಅವನು ಮಾತಾಡುವುದೇ ಅಪರೂಪ, ಆಡಿದರೂ ಪಿಸುಮಾತು. ಮೊದಲಿಗೆ ಅವನು "ನಮಸ್ಕಾರ" ಎಂದಾಗ ಜನ ರೂಢಿಯ ಮೇಲೆ ಹೋ ಎಂದು ನಕ್ಕರು. ಆಮೇಲೆ ಒಬ್ಬರಿಗೂ ಎಲ್ಲಿ ನಗಬೇಕೆಂದು ತಿಳಿಯಲಿಲ್ಲ.

ನಮ್ಮ ಸಾಲಿನಲ್ಲಿ ಕಳವಳ ಶುರುವಾಯಿತು. ಅಜ್ಜಿ ಪರದೆಗೆ ಬೆನ್ನು ತಿರುಗಿಸಿ ಹುಡುಗನ ಬಾಯನ್ನೇ ನೋಡುತ್ತಿದ್ದಳು. ಅವನು ಮೈಮರೆತು ಸಿನಿಮಾ ನೋಡುತ್ತಿದ್ದ. ಚಿಕ್ಕಪ್ಪ ತಡೆಯಲಾರದೆ ತಾನೇ ಹಹ್ಹಹ್ಹ ಎಂದು ನಕ್ಕು ಅವನ ಪಕ್ಕೆ ತಿವಿದ. "ನಗಪ್ಪಾ, ಕಾಮಿಡಿ ಪಿಕ್ಚರ್ರು!"

"ಸ್ವಲ್ಪ ಸುಮ್ನಿರಿ ಅಂಕಲ್, ಪಾಪ ಅವ್ರು ಏನೋ ಹೇಳ್ತಾವ್ರೆ" ಎಂದ ಹುಡುಗ. ನಮ್ಮ ಚಿಕ್ಕಪ್ಪನಿಗೆ ಸುಮ್ಮನಿರಿ ಎಂದವರು ಅದುವರೆಗೆ ಯಾರೂ ಇರಲಿಲ್ಲ. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಇಂಟರ್‌ವಲ್‌ನಲ್ಲಿ ಹುಡುಗನ ತಾಯಿ ಮಗನನ್ನು ಪಾಪ್‌ಕಾರ್ನ್ ಕೌಂಟರಿನ ಹತ್ತಿರ ಎಳೆದುಕೊಂಡು ಹೋದರು. "ಲೋ, ಅವ್ರ ಅಜ್ಜಿ ನೋಡ್ತಾವ್ರೆ. ನಗೋ! ಎಲ್ಲಾದ್ರೂ ನಗೋ!"

ಪಾಪ, ತಾಯಿಯ ಮಾತು ಮೀರದ ಮಗ. ದ್ವಿತೀಯಾರ್ಧದಲ್ಲಿ ನಗತೊಡಗಿದ. ಲಿಫ್ಟಿನವನು ಅವಳ ಬಾಗಿಲಿನ ಮುಂದೆ ಬೆಲ್ ಒತ್ತಲು ಧೈರ್ಯ ಬರದೆ ನಿಂತಾಗ ಇವನು ಹಹ್ಹ ಎಂದ. ಅವನು ಕಣ್ಣೊರೆಸಿಕೊಂಡಾಗ ಹಹ್ಹಹ್ಹ ಎಂದ. ಹುಡುಗನ ಮನೆಯವರೂ ಜೊತೆಗೂಡಿದರು. ಸೋಲಬಾರದೆಂದು ಚಿಕ್ಕಪ್ಪನೂ ನಕ್ಕ. ಹಿಂದಿನ ಸಾಲಿನವರು "ಏನ್ ಗುರು, ಎಲ್ರೂ ಎಣ್ಣೆ ಹಾಕ್ಕೊಂಡ್ ಬಂದವ್ರಾ?" ಎಂದರು. ಕೊನೆಗೂ ನಾಯಕಿ ಕಣ್ಣು ಮುಚ್ಚಿಕೊಂಡು ಲಿಫ್ಟ್ ಒಳಗೆ ಕಾಲಿಟ್ಟಳು. ಅದನ್ನು ಸರಿಯಾಗಿ ನೋಡಲೂ ಆಗಲಿಲ್ಲ. ನಗು ನಗು ಎಂದು ಬೇಡಿಕೊಂಡಿದ್ದ ನನಗೇ ಸಾಕಪ್ಪಾ ನಿಲ್ಲಿಸು ಎನ್ನುವಂತಾಗಿತ್ತು. ಅವನ ಕತ್ತು ಬೆವೆತಿತ್ತು. ನನಗೆ ಅಳು ಬಂತು.

ಹೊರಗೆ ಪಾರ್ಕಿಂಗಿನಲ್ಲಿ ಅಜ್ಜಿ ಹುಡುಗನ ಮನೆಯವರೆದುರಿಗೇ ತೀರ್ಪು ಹೇಳಿದಳು. "ನಗೋ ಪಿಕ್ಚರ್ರಲ್ಲಿ ಮೊದ್ಲು ನಗ್ನಿಲ್ಲ. ಆಮೇಕೆ ಅಳೋ ಕಡೆ ನಕ್ಕ. ಈ ಹುಡ್ಗ ನಮ್ಗೆ ಬ್ಯಾಡ."

ಹುಡುಗನ ತಾಯಿ ತಲೆ ತಗ್ಗಿಸಿದರು. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಮೂರು ಪಿಕ್ಚರ್‌ಗೆ ಕರ್ಕೊಂಡ್ ಬಂದ್ರಲ್ಲ ಅಜ್ಜಿ, ನಾನ್ ನಕ್ಕಿದ್ದನ್ನ ಒಬ್ರಾದ್ರೂ ನೋಡಿದ್ರಾ?"

ಅಪ್ಪ ಕಾರಿನ ಕೀಲಿ ಹುಡುಕುವವನಂತೆ ಜೇಬು ತಡಕಿದ.

"ಒಂದೇ ಸಲ ನಕ್ರು" ಎಂದ ಹುಡುಗ. "ಲಿಫ್ಟ್ ಒಳಗೆ ಅವ್ನು ಕನ್ನಡಿ ನೋಡ್ಕೊಂಡು 'ಊಟ ಆಯ್ತಾ' ಅಂತ ಪ್ರಾಕ್ಟೀಸ್ ಮಾಡ್ತಾನಲ್ಲ, ಅವಾಗ. ಸೌಂಡ್ ಬರ್ದಿರೋ ಹಂಗೆ, ಬಾಯಿಗೆ ಸೆರಗು ಇಟ್ಕೊಂಡು."

ಅಜ್ಜಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಅಂದ್ರೆ ನೀನು ಪಿಕ್ಚರ್ ನೋಡೇ ಇಲ್ಲ!"

"ಅರ್ಧ ನೋಡ್ದೆ ಅಜ್ಜಿ."

ನನಗೆ ಒಪ್ಪಿಗೆ ಎಂದುಬಿಟ್ಟೆ. ನನ್ನನ್ನು ಇನ್ನೂ ಯಾರೂ ಕೇಳಿರಲಿಲ್ಲ.