ಕೋಟೆ ಕಲ್ಲಿನ ಸುಣ್ಣದ ನಂಬರು

ನನ್ನ ತಮ್ಮನನ್ನು ನಾನು ಒಂದು ಮಾತು ಕೇಳಬೇಕಾಗಿತ್ತು. ಕೇಳಲಿಲ್ಲ. 'ಬೆಟ್ಟದ ಮೇಲೆ ಆ ಕಲ್ಲುಗಳನ್ನ ಏನು ಮಾಡ್ತೀರಪ್ಪ' ಅಂದಿದ್ದರೆ ಅವನು ಎದುರಿಗೆ ಕೂರಿಸಿಕೊಂಡು ಹೇಳುತ್ತಿದ್ದ. ಒಂದು ಲೋಟ ಕಾಫಿ ಆರುವಷ್ಟು ಹೊತ್ತಿನ ಮಾತು. ಅದನ್ನು ಕೇಳದೆ ನಾನು ಮಾಡಿದ ಕೆಲಸದಿಂದ ನಮ್ಮೂರ ಕೋಟೆಯ ಗೋಡೆಯೊಂದು ಹೋಯಿತು, ನನ್ನ ಮನೆಯಲ್ಲಿ ಉಂಡ ಒಬ್ಬ ಮನುಷ್ಯ ಕಳ್ಳನಾದ.

ನಾನು ಓದಿದ್ದು ಮೂರನೇ ಕ್ಲಾಸು. ಅವ್ವ ತೀರಿಕೊಂಡಾಗ ನನಗೆ ಒಂಬತ್ತು ವರ್ಷ, ತಮ್ಮನಿಗೆ ಎರಡು. ಅವನನ್ನು ಎತ್ತಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲವೆಂದು ನನ್ನನ್ನು ಶಾಲೆ ಬಿಡಿಸಿದರು. ಮುಂದೆ ಅವನು ಶಾಲೆಗೆ ಸೇರಿದ ಮೇಲೆ ಅವನ ಸ್ಲೇಟಿನಲ್ಲೇ ನಾನು ನೂರರವರೆಗೆ ಅಂಕಿ ಕಲಿತೆ. ನನ್ನನ್ನು ಇದೇ ಊರಿಗೆ ಕೊಟ್ಟದ್ದರಿಂದ ಅವನ ಊಟ ನಮ್ಮ ಮನೆಯಲ್ಲೇ ನಡೆಯಿತು. ಅವನು ಐಟಿಐ ಮುಗಿಸಿ ಬಿಡದಿಯ ಒಂದು ಫ್ಯಾಕ್ಟರಿಗೆ ಸೇರಿದ. ನೀಲಿ ಅಂಗಿ ಹಾಕಿಕೊಂಡು ಕಂಪನಿ ಬಸ್ಸು ಹತ್ತುವಾಗ ನೋಡಿದರೆ ನಾನು ಎತ್ತಿ ಆಡಿಸಿದವನು ಇವನೇನಾ ಅನ್ನಿಸುತ್ತಿತ್ತು. ಆಗಿನಿಂದ ಅವನನ್ನು ಏನಾದರೂ ಕೇಳಲು ನನಗೆ ಒಂದು ಥರ ಹಿಂಜರಿಕೆ.

ನಮ್ಮೂರು ಇರುವುದು ಮಾಗಡಿಗೂ ಬಿಡದಿಗೂ ನಡುವೆ. ಆ ವರ್ಷಗಳಲ್ಲಿ ನಮ್ಮ ಕಡೆ ಯಾರೂ ಯಾರನ್ನೂ ನಂಬುತ್ತಿರಲಿಲ್ಲ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಒಬ್ಬ ಉಚ್ಚೆಗೆ ಇಳಿದರೂ ಜಮೀನು ನೋಡಲು ಬಂದವನೆಂದೇ ಲೆಕ್ಕ. ಟೇಪು ಹಿಡಿದವರು ಬಂದ ಹೊಲಕ್ಕೆ ತಿಂಗಳಲ್ಲಿ ತಂತಿ ಬೇಲಿ ಬೀಳುತ್ತಿತ್ತು. ಇನ್ನು ಕಲ್ಲಿನ ಕತೆ. ಊರ ಪಡುವಲಿಗೆ ಒಂದು ಬೋಳುಗುಡ್ಡವಿತ್ತು. ಚಿಕ್ಕವಳಿದ್ದಾಗ ತಮ್ಮನನ್ನು ಕಂಕುಳಲ್ಲಿ ಇಟ್ಟುಕೊಂಡು ನಾನು ಮೇಕೆ ಮೇಯಿಸಿದ ಗುಡ್ಡ. ಅಲ್ಲಿಗೆ ಕ್ವಾರಿ ಬಂತು. ಆರು ವರ್ಷ ನಾನು ಅಲ್ಲಿ ಕಲ್ಲುಚಕ್ಕೆ ಹೊತ್ತಿದ್ದೇನೆ. ಬಂಡೆಯನ್ನು ಸೀಳಿ ದಿಮ್ಮಿ ಮಾಡಿದ ಮೇಲೆ ಒಬ್ಬ ಡಬ್ಬಿ, ಬ್ರಷ್ಷು ಹಿಡಿದು ಬಂದು ಒಂದೊಂದರ ಮೇಲೂ ಕೆಂಪು ಪೇಂಟಿನಲ್ಲಿ ನಂಬರು ಬರೆಯುತ್ತಿದ್ದ. ನಂಬರು ಬಿದ್ದ ಕಲ್ಲು ಮೂರನೇ ದಿನಕ್ಕೆ ಲಾರಿಯ ಮೇಲಿರುತ್ತಿತ್ತು. ಈಗ ಆ ಗುಡ್ಡವಿದ್ದ ಕಡೆ ಗುಂಡಿ, ಗುಂಡಿಯಲ್ಲಿ ಹಸಿರು ನೀರು. ಕಲ್ಲಿನ ಮೇಲೆ ನಂಬರು ಬಿತ್ತು ಅಂದರೆ ಆ ಕಲ್ಲು ಊರು ಬಿಟ್ಟಿತು ಅನ್ನುವುದನ್ನು ನಾನು ಹೊಟ್ಟೆಪಾಡಿಗಾಗಿ ಕಲಿತವಳು.

ನಮ್ಮೂರ ಮೂಡಲಿಗೆ ಇರುವ ಬೆಟ್ಟದ ಮೇಲೆ ಹಳೆಯ ಕೋಟೆ. ಒಂದು ಬಾಗಿಲು, ಅದರ ಎರಡೂ ಕಡೆ ಗೋಡೆ, ಮೇಲೆ ಬಂಡೆಯ ಕುಳಿಯಲ್ಲಿ ನೀರು ನಿಲ್ಲುವ ಒಂದು ದೊಣೆ. ನನ್ನ ತಮ್ಮ, ಫ್ಯಾಕ್ಟರಿಯ ಸ್ನೇಹಿತರ ಜೊತೆ ಭಾನುವಾರ ಭಾನುವಾರ ಅಲ್ಲಿಗೆ ಹೋಗಲು ಶುರು ಮಾಡಿದ. ಲಂಟಾನ ಕಡಿದರು, ದೊಣೆಯ ಹೂಳು ತೆಗೆದರು. ಆಮೇಲೆ ತಿಂಗಳಿಗೊಮ್ಮೆ ಬಾಗಿಲ ಕೆಳಗೆ ನೆರಳಲ್ಲಿ ಜನರನ್ನು ಕೂರಿಸಿ ಮಾತಾಡಿಸುವ ಒಂದು ಕೂಟ ಶುರುವಾಯಿತು. ಕೋಟೆಯ ಬಗ್ಗೆ ಯಾರಿಗೆ ಏನು ಗೊತ್ತೋ ಅದನ್ನು ಹೇಳಬೇಕು, ಇವರು ಬರೆದುಕೊಳ್ಳುತ್ತಾರೆ. ಮಾತಾಡಲು ಬರುವವರು ದಾರಿಯಲ್ಲಿ ಕೈಗೆ ಸಿಕ್ಕಿದ ಒಂದು ಕಲ್ಲುಚಕ್ಕೆ ಹೊತ್ತು ತರಬೇಕೆಂದು ಒಂದು ಪದ್ಧತಿ ಮಾಡಿಕೊಂಡಿದ್ದರು. ಗೋಡೆಯ ಸಂದಿಗೆ ತುಂಬಲು ಬೇಕಾಗುತ್ತದೆ ಎನ್ನುತ್ತಿದ್ದರು. ಅದೂ ನನಗೆ ವಿಚಿತ್ರವಾಗಿ ಕಾಣುತ್ತಿತ್ತು. ಇರುವ ಬೆಟ್ಟಕ್ಕೆ ಕಲ್ಲು ಹೊರುವವರನ್ನು ನಾನು ಎಲ್ಲೂ ನೋಡಿರಲಿಲ್ಲ.

ಹಾಲು ಹಾಕಲು ಡೈರಿಗೆ ಹೋದರೆ ಹೆಂಗಸರು ಬಿಡುತ್ತಿರಲಿಲ್ಲ. "ನಿಧಿ ಸಿಕ್ತೇನಮ್ಮ ನಿನ್ ತಮ್ಮಂಗೆ? ನಮ್ಗೂ ಒಸಿ ತೋರ್ಸು, ಒಂದು ಮೂಗುಬೊಟ್ಟಾದ್ರೂ ಮಾಡಿಸ್ಕತೀವಿ."

"ದೊಣೆ ಕೆಸರು ಸಿಕ್ಕೈತೆ, ಬೇಕಾದ್ರೆ ಹೋಗಿ ಮೂಗಿಗೆ ಬಳ್ಕೊ" ಎಂದು ನಾನೂ ನಗುತ್ತಿದ್ದೆ. ನಿಧಿಯ ಮಾತು ನಾನು ನಂಬಲಿಲ್ಲ. ಆದರೆ ಮನಸ್ಸಿನಲ್ಲಿ ಏನೋ ಕೂತಿತು. ಸಂಬಳ ಬರುವ ಹುಡುಗರು ರಜೆಯ ದಿನ ಮುಳ್ಳು ಕಡಿಯಲು ಸುಮ್ಮನೆ ಬರುತ್ತಾರೆಯೇ?

ಅವರ ಜೊತೆ ಬರುತ್ತಿದ್ದವರಲ್ಲಿ, ಫ್ಯಾಕ್ಟರಿಯವನಲ್ಲದಿದ್ದರೂ ತಮ್ಮನಿಗೆ ತೀರಾ ಹತ್ತಿರದವನು ಚನ್ನಪಟ್ಟಣದ ಒಬ್ಬ ಬೊಂಬೆ ಕೆಲಸದವನು. ಮುಸ್ಲಿಮರವನು. ಮೂರು ತಲೆಮಾರಿನಿಂದ ಮರ ಕಡೆದು ಬಣ್ಣ ಹಾಕುವ ಮನೆ. ಭಾನುವಾರ ಬೆಟ್ಟ ಇಳಿದು ನಮ್ಮ ಮನೆಯಲ್ಲೇ ಉಣ್ಣುತ್ತಿದ್ದ. "ಅಕ್ಕ, ನಿಮ್ಮ ಉಪ್ಸಾರು ಖಾರ ತಿಂದು ಸೋಮವಾರ ಕೆಲಸಕ್ಕೆ ಕುಂತ್ರೆ ಬೊಂಬೆ ಮುಖಾನೂ ಕೆಂಪಾಗ್ತದೆ" ಎಂದು ನಗಿಸುತ್ತಿದ್ದ. ನನ್ನ ಮಗಳಿಗೆ ಒಂದು ಬುಗುರಿ ತಂದುಕೊಟ್ಟಿದ್ದ.

ಒಂದು ಬೇಸಿಗೆಯಲ್ಲಿ ತಮ್ಮನ ಓಡಾಟ ಹೆಚ್ಚಾಯಿತು. ಮಾಗಡಿಯ ಆಫೀಸಿಗೆ ಹೋಗಿಬರುತ್ತಿದ್ದ. ಫೋನು ಬಂದರೆ ಎದ್ದು ಅಂಗಳಕ್ಕೆ ಹೋಗಿ ಮಾತಾಡುತ್ತಿದ್ದ. ಒಂದು ದಿನ ಅವನ ಅಂಗಿ ಒಗೆಯಲು ತೆಗೆದರೆ ಜೇಬಿನಲ್ಲಿ ಮಡಿಸಿದ ಕಾಗದ, ಕೆಳಗೆ ದುಂಡನೆಯ ಸೀಲು. ಕ್ವಾರಿಯ ಮೇಸ್ತ್ರಿ ಗೋಡೆಗೆ ಅಂಟಿಸಿಕೊಂಡಿದ್ದ ಕಾಗದಕ್ಕೂ ಅಂಥದೇ ಸೀಲಿತ್ತು. ಬಾಗಿಲಿಗೆ ಒರಗಿ ಬೆರಳಿಟ್ಟು ಓದಿದೆ. ಆಫೀಸಿನ ಕನ್ನಡ ನನಗೆ ಹತ್ತಲಿಲ್ಲ. 'ಕಲ್ಲು' ಎನ್ನುವುದು ನಾಲ್ಕು ಕಡೆ ಸಿಕ್ಕಿತು, 'ತೆಗೆಯಲು' ಎನ್ನುವುದು ಎರಡು ಕಡೆ. ಕಾಗದವನ್ನು ಇದ್ದ ಹಾಗೆ ಮಡಿಸಿ ಇಟ್ಟೆ. ಅವನು ಬಂದಾಗ ಕೇಳಬಹುದಿತ್ತು. ಅನ್ನ ಬಡಿಸಿ ಸುಮ್ಮನಿದ್ದೆ. ಕೇಳಿದರೆ 'ಹೌದು ಕಣಕ್ಕ, ಮಾರ್ತಿದೀವಿ' ಅಂದುಬಿಟ್ಟರೆ ಅನ್ನುವ ಭಯ. ನಾನು ಬೆಳೆಸಿದವನ ಬಾಯಲ್ಲಿ ಆ ಮಾತು ಕೇಳಲು ನನಗೆ ಧೈರ್ಯವಿರಲಿಲ್ಲ.

ಅದಾದ ಮೂರು ವಾರಕ್ಕೆ ಮೇಕೆ ಹೊಡೆದುಕೊಂಡು ಬೆಟ್ಟಕ್ಕೆ ಹೋದೆ. ನೋಡಿದರೆ ಬಾಗಿಲ ಎಡಗಡೆಯ ಗೋಡೆಯೇ ಇಲ್ಲ. ಅಷ್ಟಗಲಕ್ಕೆ ಬಿಚ್ಚಿ ಕಲ್ಲುಗಳನ್ನು ಕೆಳಗೆ ಪೇರಿಸಿದ್ದಾರೆ. ದೊಡ್ಡವು ಒಂದು ಕಡೆ, ಚಿಕ್ಕವು ಒಂದು ಕಡೆ. ಪ್ರತಿಯೊಂದರ ಮೇಲೂ ಬೆಳ್ಳಗೆ ನಂಬರು.

ಇನ್ನು ಮೂರು ದಿನ, ಲಾರಿ ಬರುತ್ತದೆ ಅಂದುಕೊಂಡೆ. ಬೆಟ್ಟಕ್ಕೆ ಲಾರಿ ಹತ್ತುವ ದಾರಿ ಎಲ್ಲಿದೆ ಎಂದು ಆಗ ಹೊಳೆಯಲಿಲ್ಲ. ಪೇಂಟು ಬಿಟ್ಟು ಸುಣ್ಣದಲ್ಲಿ ಯಾಕೆ ಬರೆದಿದ್ದಾರೆ ಎಂದೂ ಹೊಳೆಯಲಿಲ್ಲ. ಮಾರುವವನು ಮಳೆಗೆ ಅಳಿದುಹೋಗುವ ಬಣ್ಣದಲ್ಲಿ ಗುರುತು ಹಾಕುತ್ತಾನೆಯೇ? ಅನುಮಾನ ಹೊಕ್ಕ ತಲೆಗೆ ಇಂಥದ್ದೆಲ್ಲ ಕಾಣುವುದಿಲ್ಲ. ಮಾರನೆಯ ದಿನ ತಮ್ಮ ಮೊದಲನೇ ಶಿಫ್ಟಿಗೆ ಹೋದದ್ದೇ ತಡ, ಒಂದು ಬಿಂದಿಗೆ, ಒಂದು ಹಿಡಿ ತೆಂಗಿನ ನಾರು ತೆಗೆದುಕೊಂಡು ಮೇಲೆ ಹೋದೆ. ನಂಬರಿಲ್ಲದ ಕಲ್ಲನ್ನು ಯಾರೂ ಕೊಳ್ಳುವುದಿಲ್ಲ, ಇಷ್ಟೇ ನನ್ನ ಬುದ್ಧಿ. ದೊಣೆಯಿಂದ ನೀರು ತಂದು ಒಂದೊಂದೇ ಕಲ್ಲು ಉಜ್ಜಿದೆ. ಸುಣ್ಣ ಇನ್ನೂ ಕಚ್ಚಿರಲಿಲ್ಲ, ಸಲೀಸಾಗಿ ಹೋಯಿತು. ಕನ್ನಡ ಅಂಕಿಗಳು. ಓದುತ್ತಲೇ ಒರೆಸಿದೆ. ನಲವತ್ತೊಂದು, ಹದಿನೇಳು, ಅರವತ್ತು. ಅವನ ಸ್ಲೇಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಡುತ್ತಿದ್ದದ್ದು ನೆನಪಾಯಿತು. ಆದರೂ ಕೈ ನಿಲ್ಲಲಿಲ್ಲ. ಊಟದ ಹೊತ್ತಿಗೆ ಒಂದು ಕಲ್ಲಿನ ಮೇಲೂ ಗುರುತಿರಲಿಲ್ಲ. ಊರನ್ನೂ ತಮ್ಮನನ್ನೂ ಉಳಿಸಿದೆ ಎಂದುಕೊಂಡು ಇಳಿದೆ.

ಆ ಭಾನುವಾರ ತಮ್ಮ ಬೆಟ್ಟದಿಂದ ಬೇಗ ಬಂದ.

"ಅಕ್ಕ, ಯಾರೋ ನಂಬರೆಲ್ಲ ಒರಸ್ಬುಟ್ಟವ್ರೆ ಕಣಕ್ಕ."

"ಒರಸಿದ್ರೆ ಏನಾಯ್ತದೆ?" ಅಂದೆ.

"ಏನಾಯ್ತದೆ ಅಂತೀಯಲ್ಲ! ಮರದ ಬೇರು ಹೊಕ್ಕಿ ಗೋಡೆ ಹೊಟ್ಟೆ ಬುಟ್ಟಿತ್ತು, ಈ ಮಳೆಗೆ ಬಿದ್ದೇ ಹೋಗದು. ಅದಕ್ಕೇ ಬಿಚ್ಚಿ, ಬೇರು ತೆಗೆದು, ತಿರ್ಗಾ ಕಟ್ಟಾಕೆ ಆಫೀಸಿಂದ ಪರ್ಮಿಶನ್ ತಂದಿದ್ದು. ಯಾವ ಕಲ್ಲು ಎಲ್ಲಿತ್ತೋ ಅಲ್ಲೇ ಕೂರಬೇಕಕ್ಕ, ಇಲ್ದಿದ್ರೆ ಕಚ್ಚಲ್ಲ. ಬುಕ್ಕಲ್ಲಿ ಗೋಡೆ ಚಿತ್ರ ಐತೆ, ಅದರಲ್ಲಿರೋದೂ ಬರೀ ನಂಬರು. ಕಲ್ಲಲ್ಲೇ ನಂಬರು ಇಲ್ದೆ ಅದನ್ನ ಇಟ್ಕಂಡು ಏನ್ ಮಾಡಾನ?"

ನಾನು ಒಲೆಯ ಕಡೆ ತಿರುಗಿದೆ. ಅವನು ಕೇಳಿದ, "ನೀನು ಮೇಕೆ ಹೊಡ್ಕಂಡು ಹೋಗ್ತೀಯಲ್ಲ, ಯಾರ್ನಾದ್ರೂ ಕಂಡ್ಯಾ?"

"ಇಲ್ಲಪ್ಪ" ಅಂದೆ.

ಕೇಳದೆ ಇದ್ದದ್ದು ಒಂದು ತಪ್ಪು. ಕೇಳಿದಾಗ ಹೇಳದೆ ಇದ್ದದ್ದು ಅದಕ್ಕಿಂತ ದೊಡ್ಡದು.

ಯಾರೂ ಕಾಣದಿದ್ದ ಮೇಲೆ ಅನುಮಾನ ಒಳಗಿನವರ ಮೇಲೆ ತಿರುಗಿತು. ಬೊಂಬೆ ಕೆಲಸದವನು ಮೊದಲಿನಿಂದಲೂ ಈಗ ಗೋಡೆ ಬಿಚ್ಚುವುದು ಬೇಡ, ಮಳೆಗಾಲ ಕಳೆಯಲಿ, ಹಳೆಯ ಕಾಲದ ಕೆಲಸ ಬಲ್ಲ ಕಲ್ಲುಕುಟಿಗನನ್ನು ಹುಡುಕೋಣ ಎನ್ನುತ್ತಿದ್ದನಂತೆ. ತಮ್ಮನಿಗೆ ಅದು ತಲೆಗೆ ಹತ್ತಿತು. ಮುಂದಿನ ಭಾನುವಾರ ನಮ್ಮ ಜಗಲಿಯ ಮೇಲೆ, ನಾನು ಟೀ ತಂದಿಟ್ಟ ಹೊತ್ತಿಗೆ, ಅವನನ್ನು ಕೇಳಿಯೇಬಿಟ್ಟ.

"ನಿಜ ಹೇಳು ಕಣ್ಲಾ. ನಿನ್ನ ಮಾತು ನಡೀಲಿಲ್ಲ ಅಂತ ನೀನೇ ಒರಸಿದ್ದಾ?"

ಅವನು ಮೊದಲು ತಮಾಷೆ ಎಂದುಕೊಂಡು ನಕ್ಕ. "ನಂಬರು ಬರೆದೋನೇ ನಾನು ಕಣ್ಲಾ. ಎರಡು ಭಾನುವಾರ ಬಗ್ಗಿ ಬಗ್ಗಿ ಸೊಂಟ ಹೋಗೈತೆ."

"ಪೇಂಟಲ್ಲಿ ಬರೆಯಾನ ಅಂದ್ರೆ ಬೇಡ, ಸುಣ್ಣಾನೇ ಆಗ್ಬೇಕು ಅಂತ ಹಟ ಹಿಡಿದೋನೂ ನೀನೇ. ಒರಸಾಕೆ ಸಲೀಸು ಅಂತ ತಾನೆ?"

"ಪೇಂಟು ಕಲ್ಲಿಗೆ ಕುಂತ್ರೆ ಏಳಲ್ಲ ಕಣೋ, ಕೋಟೆ ಅಂದ ಕೆಡ್ತದೆ ಅಂತ ಹೇಳ್ದೆ. ದಿನಾ ಬಣ್ಣದಲ್ಲೇ ಸಾಯೋನು ನಾನು, ನಂಗೆ ಗೊತ್ತಿಲ್ವ?" ಅವನ ನಗು ಹೋಗಿತ್ತು. ನನ್ನ ಕಡೆ ನೋಡಿದ. "ನೀವಾದ್ರೂ ಹೇಳಿ ಅಕ್ಕ. ನಾನು ಅಂಥೋನಾ?"

ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಬಾಯಿ ತೆರೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮೇಕೆ ಬಿಚ್ಚಿಕೊಂಡಿತೇನೋ ಎಂದು ಗೊಣಗಿಕೊಂಡು ಹಿತ್ತಿಲಿಗೆ ಹೋದೆ. ಬಂದು ನೋಡಿದರೆ ಅವನು ಹೋಗಿಯಾಗಿತ್ತು. ಲೋಟದಲ್ಲಿ ಟೀ ಹಾಗೇ ಇತ್ತು.

ಕಲ್ಲುಗಳನ್ನು ಹೊಂದಿಸಿ ನೋಡಿ ಕೂರಿಸಲು ಹೋದರು, ಆಗಲಿಲ್ಲ. ಮಳೆ ಬಂತು. ಗೋಡೆಯ ಒಳಗಿನ ಮಣ್ಣು ಬಾಗಿಲಿನವರೆಗೆ ಜರಿಯಿತು. ಡೈರಿಯ ಹತ್ತಿರ ಹೆಂಗಸರಿಗೆ ಹೊಸ ಮಾತು ಸಿಕ್ಕಿತು. ಹೊರಗಿನವನನ್ನು ಸೇರಿಸಿಕೊಂಡರೆ ಹೀಗೇ ಆಗುವುದು ಎಂದು ಒಬ್ಬಳು ಅಂದಳು. ಅವನ ಜಾತಿಯನ್ನೂ ಎತ್ತಿ ಆಡಿದಳು. ಹಾಲಿನ ಕ್ಯಾನು ತೊಳೆಯುವ ನೆಪದಲ್ಲಿ ನಾನು ತಲೆ ಎತ್ತಲಿಲ್ಲ.

ನಾಲ್ಕು ವರ್ಷ ಹೀಗೇ ಕಳೆಯಿತು. ತಮ್ಮ ಬಿಡದೆ ಬೇರೆ ಹುಡುಗರನ್ನು ಸೇರಿಸಿಕೊಂಡು ಕೂಟ ನಡೆಸಿದ. ಒಂದು ಸಲ ರಾಮನಗರದಿಂದ ಶಾಲೆಯ ಮಕ್ಕಳು ಬಂದಿದ್ದರು, ನಾನು ಮಜ್ಜಿಗೆ ಹೊತ್ತು ಹೋಗಿದ್ದೆ. ಒಬ್ಬಳು ಹುಡುಗಿ ಜರಿದ ಗೋಡೆ ತೋರಿಸಿ, "ಸಾರ್, ಇದನ್ನ ಯಾವ ರಾಜ ಒಡೆದದ್ದು?" ಎಂದು ಕೇಳಿದಳು.

"ರಾಜರಲ್ಲ. ನಮ್ಮೊಳಗೇ ಇದ್ದ ಒಬ್ಬ ನಂಬಿಕೆದ್ರೋಹಿ" ಅಂದ ತಮ್ಮ. ಮಕ್ಕಳು ಅದನ್ನು ಬರೆದುಕೊಂಡವು.

ಆ ಪೆನ್ಸಿಲುಗಳ ಸದ್ದು ನನಗೆ ಕೇಳಿಸಿತು. ಬರೆದದ್ದನ್ನು ಅಳಿಸುವುದು ನನಗೆ ಗೊತ್ತಿತ್ತು. ಇದು ಮಾತ್ರ ನೀರಿಗೆ ಹೋಗುವಂಥದ್ದಲ್ಲ. ನಾನು ಸತ್ತ ಮೇಲೂ ಕೋಟೆಯ ಕತೆಯ ಜೊತೆ ಆ ಸುಳ್ಳು ಇರುತ್ತದೆ.

ಮಾರನೇ ವಾರ ರಾಮನಗರಕ್ಕೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಚನ್ನಪಟ್ಟಣಕ್ಕೆ ಹೋದೆ. ಬೀದಿ ಬೀದಿ ಕೇಳಿಕೊಂಡು ಅವನ ಶೆಡ್ಡು ಹುಡುಕಿದೆ. ಅರಗಿನ ವಾಸನೆ. ಅವನು ತಿರುಗುವ ಮರಕ್ಕೆ ಹಳದಿ ಅರಗು ಹಿಡಿದು ಕೂತಿದ್ದ. ನನ್ನನ್ನು ಕಂಡು ಯಂತ್ರ ನಿಲ್ಲಿಸಿದ, ಏಳಲಿಲ್ಲ.

"ಏನಕ್ಕ? ಇನ್ನೇನು ಕಳೆದೋಗೈತೆ ಬೆಟ್ಟದ ಮೇಲೆ?"

"ಭಾನುವಾರ ಕೂಟಕ್ಕೆ ಬಾಪ್ಪ."

"ಯಾಕೆ? ಇನ್ನೊಂದ್ಸಲ ಕಳ್ಳ ಅನ್ನಿಸ್ಕಳಾಕಾ?"

"ಬಾ. ಅಲ್ಲೇ ಹೇಳ್ತೀನಿ. ಬರ್ದಿದ್ರೆ ನನ್ ಕೈಲಿ ಹೇಳಾಕೇ ಆಗಕಿಲ್ಲ."

ಅವನು ಯಂತ್ರ ಮತ್ತೆ ತಿರುಗಿಸಿ ಮರಕ್ಕೆ ಅರಗು ಹಿಡಿದ.

ಬಂದ. ಜನರಿಂದ ದೂರ, ಕಲ್ಲಿನ ಗುಡ್ಡೆಯ ಹತ್ತಿರ ನಿಂತ. ತಮ್ಮ ಅವನನ್ನು ಕಂಡು ಮುಖ ತಿರುಗಿಸಿ, ಯಾರು ಕರೆದದ್ದು ಎನ್ನುವ ಹಾಗೆ ಎಲ್ಲರ ಕಡೆ ನೋಡಿದ. ಆವತ್ತು ನಾನೂ ದಾರಿಯಲ್ಲಿ ಒಂದು ಚಕ್ಕೆ ಎತ್ತಿಕೊಂಡು ಹೋಗಿದ್ದೆ. ಅದನ್ನು ಗುಡ್ಡೆಗೆ ಹಾಕಿ ಬಾಗಿಲ ಕೆಳಗೆ ನಿಂತೆ. "ನೀನೇನಕ್ಕ ಹೇಳ್ತೀಯ ಕೋಟೆ ಬಗ್ಗೆ?" ಎಂದು ತಮ್ಮ ನಕ್ಕ. ಬರೆದುಕೊಳ್ಳುವ ಹುಡುಗ ಪೆನ್ನು ಹಿಡಿದ.

"ಬರ್ಕೊಳಪ್ಪ" ಅಂದೆ. "ನಂಬರು ಒರಸಿದ್ದು ಅವನಲ್ಲ, ನಾನು. ತೆಂಗಿನ ನಾರಲ್ಲಿ, ಈ ದೊಣೆ ನೀರಲ್ಲಿ. ನನ್ನ ತಮ್ಮ ಕೋಟೆ ಮಾರ್ತಾವ್ನೆ ಅಂದ್ಕಂಡೆ, ಅವನ್ನ ಒಂದು ಮಾತು ಕೇಳ್ಲಿಲ್ಲ. ಅವನೇ ಕೇಳ್ದಾಗ ಇಲ್ಲ ಅಂತ ಸುಳ್ಳು ಹೇಳ್ದೆ." ಗುಡ್ಡೆಯ ಹತ್ತಿರ ನಿಂತಿದ್ದವನ ಕಡೆ ತಿರುಗಿದೆ. "ನಾನು ಅಂಥೋನಾ ಅಕ್ಕ ಅಂತ ನೀನು ನನ್ನ ಕೇಳ್ದೆಯಲ್ಲಪ್ಪ, ಆಗ ಎದ್ದು ಹಿತ್ಲಿಗೆ ಹೋದೆ. ನೀನು ಅಂಥೋನಲ್ಲ. ನಾಲ್ಕು ವರ್ಷ ನಿನ್ನ ಕಳ್ಳನ್ನ ಮಾಡಿ ನಾನು ನೆಮ್ಮದಿಯಾಗಿ ಉಂಡೆ. ತಪ್ಪಾಯ್ತು ಕಣಪ್ಪ, ನಿಂಗೂ, ನನ್ನ ತಮ್ಮಂಗೂ. ನನ್ನಿಂದ ತಪ್ಪಾಯ್ತು."